ಮಣ್ಣು ಕೊರೆಯುವ ಬೈರಿಗೆ: ಕಂಬಂ ಕಣಿವೆಯ ತೋಟಗಳಿಂದ ನಮ್ಮ ತೋಟಗಳಿಗೆ

ಬೈರಿಗೆ ಎಂದರೆ ನಮ್ಮ ಕಡೆಯಲ್ಲಿ ಇಂದಿಗೂ ಮೊದಲು ನೆನಪಾಗುವುದು ಆಚಾರಿಯ ಪೆಟ್ಟಿಗೆ. ದಾರಂದಕ್ಕೆ ತೂತು ಕೊರೆಯಲು, ನೊಗಕ್ಕೆ ಗೂಟ ಕೂರಿಸಲು ಅದು ಬೇಕಿತ್ತು. ಅದೇ ಬೈರಿಗೆ ಈಗ ಮೈ ತುಂಬಿಕೊಂಡು, ತಲೆಯ ಮೇಲೊಂದು ಮೋಟಾರು ಹೊತ್ತು ತೋಟಕ್ಕೆ ಇಳಿದಿದೆ. ಮರದ ಬದಲು ಮಣ್ಣನ್ನು ಕೊರೆಯುತ್ತಿದೆ. ಪಿಕಾಸು ಹಿಡಿಯುವ ಆಳು ಸಿಕ್ಕುವುದೇ ದುರ್ಲಭವಾಗಿರುವಾಗ, ಅರೆನಿಮಿಷದಲ್ಲಿ ಗುಂಡಿ ತೆಗೆಯುವ ಯಂತ್ರವನ್ನು ಮೊಬೈಲಿನಲ್ಲಿ ಕಂಡವರ ಮನಸ್ಸು ಅತ್ತ ವಾಲಿದರೆ ಆಶ್ಚರ್ಯವಿಲ್ಲ. ಅನೇಕ ಮನೆಗಳಲ್ಲಿ ಈ ಮಾತು ಎದ್ದಿದೆ. ತರಿಸುವುದಾದರೆ ಯಾವುದನ್ನು ತರಿಸುವುದು, ಬ್ಯಾಟರಿಯದ್ದನ್ನೋ, ತಂತಿಯದ್ದನ್ನೋ, ಪೆಟ್ರೋಲಿನದ್ದನ್ನೋ, ಅಥವಾ ತರಿಸದೇ ಇರುವುದೇ ಲೇಸೋ ಎಂಬುದು ಪ್ರಶ್ನೆ. ಸಣ್ಣ ಹಿಡುವಳಿಯವನಿಗೆ ಇದು ಒಂದು ಬೆಳೆಯ ಉಳಿತಾಯದ ಪ್ರಶ್ನೆ. ಕೆಲವೊಮ್ಮೆ ಮಣಿಕಟ್ಟಿನ ಪ್ರಶ್ನೆಯೂ ಹೌದು.

ಮೊದಲು ಒಂದು ಗೊಂದಲವನ್ನು ಬದಿಗಿಡಬೇಕು. ವಿದ್ಯುತ್ ಬೈರಿಗೆ ಎಂದು ಹುಡುಕಿದಾಗ ಕಾಣಿಸುವ ಚಿತ್ರಗಳಲ್ಲಿ ಒಳ್ಳೆಯ ಪಾಲು ನಮ್ಮ ಕೆಲಸದವುಗಳೇ ಅಲ್ಲ. ಅವು ಮಂಜುಗಡ್ಡೆ ಕೊರೆಯುವ ಬೈರಿಗೆಗಳು. ಫಿನ್‌ಲೆಂಡ್, ಕೆನಡಾ, ಅಮೆರಿಕದ ಮಿನ್ನೆಸೋಟಾ ಮುಂತಾದ ಕಡೆ ಚಳಿಗಾಲದಲ್ಲಿ ಕೆರೆಗಳ ಮೇಲ್ಮೈ ಹೆಪ್ಪುಗಟ್ಟುತ್ತದೆ. ಜನರು ಅದರ ಮೇಲೆ ನಡೆದುಹೋಗಿ, ಆರು ಅಥವಾ ಎಂಟು ಅಂಗುಲದ ತೂತು ಕೊರೆದು, ಪಕ್ಕದಲ್ಲಿ ಕುಳಿತು ಗಾಳ ಹಾಕಿ ಮೀನು ಹಿಡಿಯುತ್ತಾರೆ. ಹೊಸದಾಗಿ ಕಟ್ಟಿದ ಶುಭ್ರ ಮಂಜುಗಡ್ಡೆ ಕನಿಷ್ಠ 4 ಅಂಗುಲ ದಪ್ಪವಿದ್ದರೆ ಮಾತ್ರ ಮೇಲೆ ಕಾಲಿಡಿ ಎಂದು ಮಿನ್ನೆಸೋಟಾ ಸರಕಾರದ ಇಲಾಖೆ ಪ್ರತಿವರ್ಷ ಎಚ್ಚರಿಸುತ್ತದೆ. ಅಲ್ಲಿಯವರಿಗೆ ವಿದ್ಯುತ್ ಬೈರಿಗೆ ವರದಾನವೇ ಸರಿ. ಹಗುರ, ಹೊಗೆಯಿಲ್ಲ, ಚಳಿಯಲ್ಲಿ ಹಗ್ಗ ಎಳೆದು ಎಂಜಿನನ್ನು ಎಬ್ಬಿಸುವ ಪಾಡಿಲ್ಲ. ಬ್ಯಾಟರಿ ಮಾತ್ರ ಚಳಿಗೆ ಸೊರಗುತ್ತದೆಂದು ಅದನ್ನು ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡು ಹೋಗುವವರೂ ಇದ್ದಾರೆ.

ಆದರೆ ಆ ಬೈರಿಗೆಯ ಬಾಯಿ ಕ್ಷೌರದ ಕತ್ತಿಯಂತೆ. ಮಂಜನ್ನು ಅದು ತೆಳುವಾಗಿ ಕೆತ್ತುತ್ತದೆ. ಮಣ್ಣಿಗೆ ಒಮ್ಮೆ ಮುಟ್ಟಿಸಿದರೆ ಸಾಕು, ನಾಲ್ಕು ಮರಳಕಣಕ್ಕೆ ಅದರ ಅಲಗು ಹೋಯಿತು. ಮಣ್ಣಿನ ಬೈರಿಗೆಯ ಬಾಯಲ್ಲಿ ಅಲಗಿನ ಬದಲು ಗಟ್ಟಿ ಉಕ್ಕಿನ ಹಲ್ಲುಗಳಿರುತ್ತವೆ, ನಡುವೆ ಮೊನೆಯಾದ ಒಂದು ತಿರುಪು ಇರುತ್ತದೆ. ಮೇಲಿನ ಸುರುಳಿ ಎರಡರಲ್ಲೂ ಒಂದೇ ತರಹ. ಚಿತ್ರದಲ್ಲಿ ನೋಡಿದವನಿಗೆ ವ್ಯತ್ಯಾಸ ತಿಳಿಯದು. ಬಾಯಿಯ ಚಿತ್ರವನ್ನು ದೊಡ್ಡದು ಮಾಡಿ ನೋಡದೆ ಹಣ ಕಟ್ಟಬೇಡಿ. ದಕ್ಷಿಣದ ನಮಗೆ ಮಂಜುಗಡ್ಡೆಯ ಬೈರಿಗೆ ಏತಕ್ಕೆ? ದಿಂಡಿಗಲ್ ಜಿಲ್ಲೆಯ ಕೊಡೈಕನಾಲಿನಲ್ಲಿ ಹುಲ್ಲಿನ ಮೇಲೆ ಹಿಮ ಬೀಳುವುದುಂಟು. ಆದರೆ 1863ರಲ್ಲಿ ಕಟ್ಟೆ ಕಟ್ಟಿ ಮಾಡಿದ ಅಲ್ಲಿನ ಸರೋವರದ ಮೇಲೆ ಯಾರೂ ನಡೆದು ಮೀನು ಹಿಡಿದದ್ದಿಲ್ಲ.

ದಿಂಡಿಗಲ್ಲಿನ ಹೆಸರು ಸುಮ್ಮನೆ ಬಂದದ್ದಲ್ಲ. ಆ ಜಿಲ್ಲೆ ಮತ್ತು ಅದರ ನೆರೆಯ ತೇನಿ ಜಿಲ್ಲೆಯ ತೋಟಗಳನ್ನು ನೋಡಿದರೆ ಈ ಯಂತ್ರದ ಗುಣದೋಷಗಳೆರಡೂ ಚೆನ್ನಾಗಿ ತಿಳಿಯುತ್ತವೆ. ನಮ್ಮ ಓದುಗರಿಗೆ ಆ ಸೀಮೆ ಪರಕೀಯವೂ ಅಲ್ಲ. ನಮ್ಮ ಕಾಸರಗೋಡು 1984ರಲ್ಲಿ ಪ್ರತ್ಯೇಕ ಜಿಲ್ಲೆಯಾದರೆ, ಮಧುರೆಯಿಂದ ಬೇರ್ಪಟ್ಟು ದಿಂಡಿಗಲ್ ಜಿಲ್ಲೆಯಾದದ್ದು 1985ರಲ್ಲಿ, ತೇನಿ 1996ರಲ್ಲಿ. ಪಶ್ಚಿಮ ಘಟ್ಟದ ಆಚೆ ಮಗ್ಗುಲಲ್ಲಿ, ಕುಮಳಿಯ ಘಾಟಿ ಇಳಿದೊಡನೆ ಸಿಕ್ಕುವ ಹಸುರು ಪಟ್ಟಿಯೇ ಕಂಬಂ ಕಣಿವೆ. ಅಲ್ಲಿನ ನೀರು ಬಂದದ್ದು ಸುರಂಗದಿಂದ ಎಂದರೆ ನಮ್ಮವರಿಗೆ ಕಿವಿ ನಿಮಿರೀತು. 1895ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರನ್ನು, ಪೆನ್ನಿಕ್ವಿಕ್ ಎಂಬ ಇಂಜಿನಿಯರನ ಯೋಜನೆಯಂತೆ, ಒಂದು ಮೈಲಿಗೂ ಹೆಚ್ಚು ಉದ್ದದ ಸುರಂಗ ಕೊರೆದು ಘಟ್ಟದ ಪೂರ್ವಕ್ಕೆ ಹರಿಸಲಾಯಿತು. ಬಾಯಾರು, ಎಣ್ಮಕಜೆಗಳಲ್ಲಿ ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಮುರಕಲ್ಲನ್ನು ಕಡಿದು ನೀರು ತರಿಸಿದ ಮನೆತನಗಳಿಗೆ ಕೊರೆಯುವ ಕೆಲಸದ ಕಷ್ಟ ಹೇಳಿಕೊಡಬೇಕಾಗಿಲ್ಲ. ಆ ಅಣೆಕಟ್ಟಿನ ಬಗ್ಗೆ ಎರಡು ರಾಜ್ಯಗಳ ವಾದವಿವಾದ ಏನೇ ಇರಲಿ, ಕಣಿವೆ ಹಸುರಾದದ್ದು ಆ ನೀರಿನಿಂದ.

ಇನ್ನೊಂದು ನಂಟು ಭಾಷೆಯದ್ದು. ಕಂಬಂ ಸುತ್ತಿನಲ್ಲಿ ತಲೆಮಾರುಗಳಿಂದ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ಒಕ್ಕಲು ಮನೆತನಗಳಿವೆ. ಕಪ್ಪಿಲಿಯರು, ಅನುಪ್ಪರು ಎಂದು ಅವರನ್ನು ಕರೆಯುತ್ತಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಪಂಗಡಗಳ ಗ್ರಂಥದಲ್ಲಿ ಅವರನ್ನು ಕನ್ನಡದ ಕೃಷಿಕರೆಂದೇ ಬರೆದಿದ್ದಾನೆ. ಕಂಬಂ ಪೇಟೆಯಲ್ಲಿ ಅವರು ಸಾಕುವ ದೇವರ ದನದ ಹಿಂಡೊಂದಿದೆ. ತಮಿಳಿನಲ್ಲಿ ಅದು ತಂಬಿರಾನ್ ಮಾಡು. ಅವರ ಕನ್ನಡದಲ್ಲಿ ‘ದೇವರು ಆವು’. ನಾವು ಹಸು, ದನ ಎಂದು ಹೇಳುತ್ತಾ ಮರೆತುಬಿಟ್ಟ ‘ಆವು’ ಎಂಬ ಹಳೆಯ ಶಬ್ದ ತಮಿಳುನಾಡಿನ ಮೂಲೆಯೊಂದರ ಕೊಟ್ಟಿಗೆಯಲ್ಲಿ ಉಳಿದದ್ದನ್ನು ಕಂಡರೆ ಸಂತೋಷವಾಗುತ್ತದೆ. ಮಾಟ್ಟು ಪೊಂಗಲಿನ ದಿನ ಆ ತೊಳುವಿಗೆ ಜನ ನೆರೆಯುತ್ತಾರೆ. ದಿಂಡಿಗಲ್ಲಿನ ಸಮೀಪದ ಚಿನ್ನಾಳಪಟ್ಟಿಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರಿದ್ದಾರೆ. ಇವರೆಲ್ಲರ ಶಾಲೆ, ಪೇಟೆ, ಕಚೇರಿ ತಮಿಳಿನದ್ದು. ಕನ್ನಡ ನಾಲಗೆಯ ಮೇಲಿದೆ, ಕಾಗದದ ಮೇಲಿಲ್ಲ. ಪ್ರತಿದಿನ ಕನ್ನಡ ಪತ್ರಿಕೆ ಕೈಗೆ ಬರುವ ನಾವು ಅಷ್ಟರಮಟ್ಟಿಗೆ ಪುಣ್ಯವಂತರು.

ಆ ಹಿಂಡಿನ ಪಟ್ಟದ ಹೋರಿಯನ್ನು ಆಯ್ಕೆ ಮಾಡುವ ಕ್ರಮವನ್ನು ಹಳೆಯ ದಾಖಲೆಗಳು ಹೇಳುತ್ತವೆ. ಹಿಂದಿನದು ಸತ್ತಾಗ ಒಳ್ಳೆಯ ದಿನ ನೋಡಿ ಹಿಂಡನ್ನು ಸೇರಿಸಿ, ಪೂಜೆ ಮಾಡಿ, ಕಬ್ಬಿನ ಕಟ್ಟನ್ನು ಎದುರಿಗಿಡುತ್ತಾರಂತೆ. ಯಾವ ಹೋರಿ ಮುಂದೆ ಬಂದು ಅದಕ್ಕೆ ಬಾಯಿ ಹಾಕುವುದೋ ಅದಕ್ಕೆ ಪಟ್ಟ. ಯಂತ್ರದ ಅಂಗಡಿಯಲ್ಲಿ ಇಷ್ಟು ಸುಲಭದ ಪರೀಕ್ಷೆ ಇಲ್ಲ. ಅಲ್ಲಿ ಕಬ್ಬು ತಿನ್ನುವುದು ಮಾರುವವನೇ!

ಕಂಬಂ ಕಣಿವೆಯಲ್ಲಿ ಬೈರಿಗೆಗೆ ಕೆಲಸ ಸಿಕ್ಕುವುದು ಮುಖ್ಯವಾಗಿ ಎರಡು ಕಡೆ. ಒಂದು ದ್ರಾಕ್ಷಿ, ಇನ್ನೊಂದು ಬಾಳೆ. ಸುರುಳಿಪಟ್ಟಿ, ಕಾಮಯಗೌಂಡನ್‌ಪಟ್ಟಿ, ಗೂಡಲೂರು ಸುತ್ತಿನ ಪನ್ನೀರು ದ್ರಾಕ್ಷಿ ಹೆಸರುವಾಸಿ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು. ಬೇರೆ ಕಡೆ ದ್ರಾಕ್ಷಿಗೆ ಒಂದು ಋತು. ಇಲ್ಲಿ ತೋಟದಿಂದ ತೋಟಕ್ಕೆ ಸವರುವ ಕಾಲ ಬದಲಾಗುವುದರಿಂದ ವರ್ಷವಿಡೀ ಎಲ್ಲಾದರೊಂದು ಕಡೆ ಕೊಯ್ಲು ಇರುತ್ತದೆ. ಬಳ್ಳಿ ಹಬ್ಬುವುದು ತಲೆಗಿಂತ ಎತ್ತರದ ಚಪ್ಪರದ ಮೇಲೆ. ಚಪ್ಪರಕ್ಕೆ ಕಲ್ಲಿನ ಕಂಬ, ಕಂಬಕ್ಕೆ ಗುಂಡಿ. ಕಂಬದ ಗುಂಡಿ ಅಗಲವಾದಷ್ಟೂ ಕೇಡು. ಸುತ್ತಲಿನ ಮಣ್ಣು ಸಡಿಲವಾಗಿ, ಹಣ್ಣಿನ ಭಾರಕ್ಕೆ ಮತ್ತು ಗಾಳಿಗೆ ಕಂಬ ವಾಲುತ್ತದೆ. ಇಕ್ಕಟ್ಟಾದ, ನೇರವಾದ, ಎರಡು ಅಡಿ ಆಳದ ಗುಂಡಿ ಬೇಕು. ಪಿಕಾಸಿನಿಂದ ಅಂತಹ ಗುಂಡಿ ತೋಡುವುದು ಕಷ್ಟ, ಬೈರಿಗೆಗೆ ಅದು ಹುಟ್ಟುಗುಣ. ಕಂಬ ನಡುವವನಿಗೆ, ಬೇಲಿ ಹಾಕುವವನಿಗೆ ಈ ಯಂತ್ರದಷ್ಟು ಒಳ್ಳೆಯದು ಬೇರಿಲ್ಲ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಗಿಡದ ಗುಂಡಿಯ ಮಾತು ಬೇರೆ. ಇಲ್ಲಿಯೇ ಹೆಚ್ಚಿನವರು ಮೋಸಹೋಗುವುದು. ಆದುದರಿಂದ ಸ್ವಲ್ಪ ಲೆಕ್ಕ ಹಾಕೋಣ.

ಅಡಿಕೆ ಸಸಿಗೆ ಉದ್ದ, ಅಗಲ, ಆಳ ಮೂರೂ 90 ಸೆಂಟಿಮೀಟರಿನ ಗುಂಡಿ ತೋಡುವುದು ವಾಡಿಕೆ. ಅದರಿಂದ ಹೊರಬರುವ ಮಣ್ಣು 729 ಲೀಟರ್. ಕೈಯಲ್ಲಿ ಹಿಡಿಯುವ ಯಂತ್ರಗಳಿಗೆ ಸಾಮಾನ್ಯವಾಗಿ ಸಿಕ್ಕುವ ದೊಡ್ಡ ಬೈರಿಗೆ 12 ಅಂಗುಲದ್ದು, ಎಂದರೆ 30 ಸೆಂಟಿಮೀಟರ್. ಅದು 90 ಸೆಂಟಿಮೀಟರ್ ಆಳಕ್ಕೆ ಇಳಿದರೂ ತೆಗೆಯುವ ಮಣ್ಣು 64 ಲೀಟರ್ ಮಾತ್ರ. ಅಡಿಕೆಯ ಗುಂಡಿಯ ಹನ್ನೊಂದರಲ್ಲಿ ಒಂದು ಪಾಲೂ ಆಗಲಿಲ್ಲ! ಸಾಲಿಗೆ ಮೂರರಂತೆ ಮೂರು ಸಾಲು, ಒಟ್ಟು ಒಂಬತ್ತು ತೂತು ಹೊಡೆದರೆ ಮುಕ್ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು ಮಣ್ಣು ಸಡಿಲವಾದೀತು. ನಡುವಿನ ಮೂಲೆಗಳನ್ನು ಹಾರೆಯಿಂದಲೇ ಕೆಡವಿ, ಮಣ್ಣನ್ನು ಹೆಡಗೆಯಲ್ಲೇ ಎತ್ತಬೇಕು. ಅದೂ ಸುರುಳಿಯ ಉದ್ದ ಸಾಮಾನ್ಯವಾಗಿ 75ರಿಂದ 80 ಸೆಂಟಿಮೀಟರ್ ಆದುದರಿಂದ ಪೂರ್ತಿ ಆಳಕ್ಕೆ ಇನ್ನೊಂದು ಸರಳಿನ ಜೋಡಣೆ ಬೇಕು. ತೆಂಗಿಗೆ ಒಂದು ಮೀಟರ್ ಗುಂಡಿ, ಸಾವಿರ ಲೀಟರ್ ಮಣ್ಣು. ಅದರ ಸುದ್ದಿಯೇ ಬೇಡ. ಬಾಳೆಯ 45 ಸೆಂಟಿಮೀಟರಿನ ಗುಂಡಿಗೆ 91 ಲೀಟರ್. ಅದರ ಮೂರರಲ್ಲಿ ಒಂದು ಪಾಲನ್ನು 12 ಅಂಗುಲದ ಬೈರಿಗೆ ಒಂದೇ ಸಲಕ್ಕೆ ತೆಗೆಯುತ್ತದೆ. ಉಳಿದುದನ್ನು ಸುತ್ತ ಕೆರೆದುಕೊಂಡರಾಯಿತು. ಕಾಳುಮೆಣಸಿಗೂ ಸುಮಾರಾಗಿ ಹೀಗೆಯೇ. ಬೈರಿಗೆಯಿಂದ ತೋಡಿದ ಕಿರಿದಾದ ತೂತಿನಲ್ಲಿ ಅಡಿಕೆ ಸಸಿ ಇಟ್ಟು ಕೆಲಸ ಮುಗಿಯಿತೆಂದುಕೊಂಡವನು ಸಸಿಯ ಬೇರಿಗೆ ಕೊಡಬೇಕಾದ ಸಡಿಲ ಮಣ್ಣು, ಗೊಬ್ಬರದ ಜಾಗವನ್ನೇ ಕಸಿದಂತೆ.

ಇನ್ನೊಂದು ಸೂಕ್ಷ್ಮವಿದೆ. ಮಣ್ಣು ಹಸಿಯಾಗಿ ಜಿಗುಟಾಗಿದ್ದಾಗ ತಿರುಗುವ ಬೈರಿಗೆ ಗುಂಡಿಯ ಗೋಡೆಯನ್ನು ಕುಂಬಾರ ಮಡಕೆಯ ಒಳಮೈ ಸವರಿದಂತೆ ನುಣುಪು ಮಾಡಿಬಿಡುತ್ತದೆ. ಎಳೆಯ ಬೇರು ಆ ಗೋಡೆಯನ್ನು ತೂರಲಾರದೆ ಒಳಗೇ ಸುತ್ತುತ್ತದೆ. ಮಳೆ ಬಂದರೆ ನೀರೂ ಇಂಗದೆ ನಿಲ್ಲುತ್ತದೆ. ನಮ್ಮ ಮುರಮಣ್ಣಿನಲ್ಲಿ ಆಟಿಯ ಮಳೆಗೆ ಇಂತಹ ಗುಂಡಿ ಒಂದು ಪಾತ್ರೆಯೇ ಸರಿ. ಗುಂಡಿ ತೆಗೆದ ಮೇಲೆ ಗೋಡೆಯನ್ನು ಹಾರೆಯಿಂದ ನಾಲ್ಕು ಕಡೆ ಗೀರಿ ಒರಟು ಮಾಡುವುದನ್ನು ಮರೆಯಬಾರದು.

ಈಗ ವಿದ್ಯುತ್ತಿನ ಮಾತು. ಬ್ಯಾಟರಿಯ ಬೈರಿಗೆಯ ಬಗ್ಗೆ ಜಾಹೀರಾತುಗಳು ವೋಲ್ಟ್ ಎಷ್ಟು ಎಂದು ದೊಡ್ಡದಾಗಿ ಬರೆಯುತ್ತವೆ. ನೋಡಬೇಕಾದದ್ದು ವೋಲ್ಟನ್ನು ಆಂಪಿಯರ್ ಗಂಟೆಯಿಂದ ಗುಣಿಸಿ ಬರುವ ವಾಟ್ ಗಂಟೆಯನ್ನು. 40 ವೋಲ್ಟಿನ 4 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ 160 ವಾಟ್ ಗಂಟೆ ಶಕ್ತಿಯಿದೆ. ಕೊರೆಯುವಾಗ ಮೋಟಾರು ಸರಾಸರಿ 800 ವಾಟ್ ಎಳೆಯಿತೆಂದು ಹಿಡಿಯಿರಿ: 12 ನಿಮಿಷದಲ್ಲಿ ಬ್ಯಾಟರಿ ಬರಿದು. ಗುಂಡಿಗೆ ಒಂದು ನಿಮಿಷವೆಂದರೆ 12 ಗುಂಡಿ. ಬಾಳೆಯನ್ನು 1.8 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 1250 ಗುಂಡಿ ಬೇಕು. ನೂರಕ್ಕೂ ಹೆಚ್ಚು ಸಲ ಬ್ಯಾಟರಿ ತುಂಬಿಸುವ ತಾಳ್ಮೆ ಯಾರಿಗಿದೆ? ಅಡಿಕೆ 2.7 ಮೀಟರ್ ಅಂತರಕ್ಕೆ ಎಕರೆಗೆ 555. ಪನ್ನೀರು ದ್ರಾಕ್ಷಿ 3 ಮೀಟರಿಗೆ 2 ಮೀಟರಿನಂತೆ 675ರ ಹತ್ತಿರ. ಅದಕ್ಕಾದರೋ ಎರಡಡಿ ಅಗಲದ ಚರಂಡಿ ತೋಡುವ ಕ್ರಮವೂ ಇದೆ, ಅಲ್ಲಿ ಬೈರಿಗೆಗೆ ಎಡೆಯಿಲ್ಲ.

ಹಾಗೆಂದು ಬ್ಯಾಟರಿಯದ್ದು ಆಟಿಕೆಯಲ್ಲ. ಸತ್ತ ಸಸಿಗಳ ಜಾಗದಲ್ಲಿ ಹತ್ತಿಪ್ಪತ್ತು ಹೊಸ ಗುಂಡಿ, ಅಂಗಳದ ಸುತ್ತ ಬೇಲಿಗೂಟ, ಬುಡದ ಸುತ್ತ ಗೊಬ್ಬರ ಹಾಕಲು ಸಣ್ಣ ತೂತು, ಇಂತಹ ಕೆಲಸಕ್ಕೆ ಅದೇ ಸರಿ. ಗುಂಡಿ ಒತ್ತಿದರೆ ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹೆಂಗಸರೂ ಹಿರಿಯರೂ ಎಬ್ಬಿಸಬಲ್ಲರು. ಹಿಂದಕ್ಕೆ ತಿರುಗುವ ಏರ್ಪಾಡು ಇದೆಯೇ ಎಂದು ಕೇಳಿಕೊಳ್ಳಿ. ಬೇರಿನಲ್ಲಿ ಸಿಕ್ಕಿಹಾಕಿಕೊಂಡ ಬೈರಿಗೆಯನ್ನು ಬಿಡಿಸಲು ಅದಿಲ್ಲದಿದ್ದರೆ ಪೈಪುಪಾನ ಹಿಡಿದು ಕುಸ್ತಿ ಮಾಡಬೇಕಾಗುತ್ತದೆ. ಉತ್ತರದ ದೇಶದವನಿಗೆ ಬ್ಯಾಟರಿ ತಣಿಯದಂತೆ ನೋಡುವ ಚಿಂತೆಯಾದರೆ ನಮಗೆ ಕಾಯದಂತೆ ನೋಡುವ ಚಿಂತೆ. ತೇನಿಯ ಬಿಸಿಲಿರಲಿ, ನಮ್ಮ ಏಪ್ರಿಲಿರಲಿ, ಬ್ಯಾಟರಿಯನ್ನು ಬಿಸಿಲಲ್ಲಿ ಇಡಬಾರದು. ಕೆಲಸ ಮುಗಿದೊಡನೆ ಬಿಸಿಯಾಗಿರುವಾಗಲೇ ಚಾರ್ಜಿಗೆ ಹಾಕಬಾರದು.

ತಂತಿಯ ಬೈರಿಗೆ ಅಗ್ಗ. ಮನೆಯ ಪಕ್ಕದ ಕೆಲಸಕ್ಕೆ ಸಾಕು. ತೊಡಕಿರುವುದು ತಂತಿಯ ಉದ್ದದಲ್ಲಿ. 1500 ವಾಟಿನ ಮೋಟಾರು ಆರೂವರೆ ಆಂಪಿಯರ್ ಎಳೆಯುತ್ತದೆ. ನೂರು ಮೀಟರ್ ದೂರಕ್ಕೆ ಒಂದೂವರೆ ಚದರ ಮಿಲ್ಲಿಮೀಟರಿನ ತಾಮ್ರದ ತಂತಿ ಎಳೆದರೆ ದಾರಿಯಲ್ಲೇ 16 ವೋಲ್ಟ್ ನಷ್ಟ. ಪೇಟೆಯಲ್ಲಿ ಸಿಕ್ಕುವ ಮುಕ್ಕಾಲು ಮಿಲ್ಲಿಮೀಟರಿನ ತೆಳು ತಂತಿಯಾದರೆ 32. ಸಂಜೆ ಮನೆಯಲ್ಲೇ 230 ಇಲ್ಲದ ಊರುಗಳಲ್ಲಿ ಮೋಟಾರಿಗೆ ಸಿಕ್ಕುವುದೆಷ್ಟು? ಅದು ತಿಣುಕಿ, ಬಿಸಿಯಾಗಿ, ಕೊನೆಗೆ ಸುಟ್ಟ ವಾಸನೆ ಬರುತ್ತದೆ. ಹಸಿ ನೆಲದಲ್ಲಿ ಬರಿಗಾಲಲ್ಲಿ ನಿಂತು ಕೊರೆಯುವವನಿಗೆ ಸೋರಿಕೆ ಕಂಡೊಡನೆ ಸಂಪರ್ಕ ಕಡಿಯುವ ಸ್ವಿಚ್ ಇಲ್ಲದಿದ್ದರೆ ಪ್ರಾಣಕ್ಕೇ ಸಂಚಕಾರ. ಇದರಲ್ಲಿ ರಾಜಿ ಬೇಡ.

ಪೆಟ್ರೋಲಿನದ್ದು ಗದ್ದಲಮಾರಿ, ಆದರೆ ಕೆಲಸಗಾರ. 52 ಅಥವಾ 63 ಸಿ.ಸಿ.ಯ ಎರಡು ಸ್ಟ್ರೋಕಿನ ಎಂಜಿನುಗಳು ಹೆಚ್ಚು ಬಳಕೆಯಲ್ಲಿವೆ. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ತಯಾರಕರು 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲ್ಲಿಲೀಟರ್, 50ಕ್ಕೆ 1 ಎಂದಿದ್ದರೆ 20. ಬೆರೆಸದೆ ಓಡಿಸಿದರೆ ಪಿಸ್ಟನ್ ಒಂದೇ ದಿನದಲ್ಲಿ ಹಿಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ತೇವ ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟ ಯಂತ್ರ ಮುಂದಿನ ವರ್ಷ ಹಗ್ಗ ಎಳೆದು ಎಳೆದು ತೋಳು ಬಿದ್ದರೂ ಏಳದು. ಕೆಲಸ ಮುಗಿದ ದಿನವೇ ಟ್ಯಾಂಕು ಬರಿದು ಮಾಡಿ, ಎಂಜಿನು ತಾನಾಗಿ ನಿಲ್ಲುವ ತನಕ ಓಡಿಸಿಡುವುದು ಉತ್ತಮ.

ಅಪಾಯದ ವಿಷಯವನ್ನು ಮಾರುವವರು ಹೇಳುವುದು ಕಡಿಮೆ. ಎಂಜಿನು ನಿಮಿಷಕ್ಕೆ 7000 ಸುತ್ತು ತಿರುಗಿದರೆ, 40ಕ್ಕೆ 1ರ ಗಿಯರಿನ ಮೂಲಕ ಬೈರಿಗೆ 175 ಸುತ್ತು ತಿರುಗುತ್ತದೆ; ವೇಗ ಇಳಿದಷ್ಟೂ ತಿರುಚುವ ಬಲ ಏರುತ್ತದೆ. ಬೈರಿಗೆ ಕಲ್ಲಿಗೋ ಬೇರಿಗೋ ಕಚ್ಚಿ ನಿಂತಿತೆನ್ನಿ. ತಿರುಗಲೇಬೇಕಾದ ಯಂತ್ರ ಆಗ ತಾನೇ ತಿರುಗುತ್ತದೆ, ಹಿಡಿದವನನ್ನೂ ತಿರುಗಿಸುತ್ತದೆ. ತಿರುಚು ಬಲ 60 ನ್ಯೂಟನ್ ಮೀಟರ್ ಇದ್ದು ಹಿಡಿಕೆ ಕೇಂದ್ರದಿಂದ 30 ಸೆಂಟಿಮೀಟರ್ ದೂರವಿದ್ದರೆ 20 ಕಿಲೋ ಭಾರ ಥಟ್ಟನೆ ಬಂದು ಹೊಡೆದಂತೆ. ಕ್ಷಣಕಾಲ ಅದಕ್ಕಿಂತಲೂ ಹೆಚ್ಚು. ಮಣಿಕಟ್ಟು ಉಳುಕುವುದು, ಹಿಡಿಕೆ ಪಕ್ಕೆಲುಬಿಗೆ ಬಡಿಯುವುದು ಹೀಗೆ. ಅಗಲವಾದ ಹಿಡಿಕೆಯದ್ದನ್ನೇ ಆರಿಸಿರಿ. ಕಚ್ಚಿದೊಡನೆ ಜಾರುವ ಕ್ಲಚ್ ಅಥವಾ ತಾನಾಗಿ ನಿಲ್ಲುವ ಏರ್ಪಾಡು ಇದ್ದರೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಹತ್ತು ಅಂಗುಲಕ್ಕೆ ಮೇಲ್ಪಟ್ಟ ಬೈರಿಗೆಯನ್ನು ಗಟ್ಟಿ ನೆಲದಲ್ಲಿ ಒಬ್ಬನೇ ಹಿಡಿಯುವ ಸಾಹಸ ಬೇಡ. ಎಂಟು ಅಂಗುಲದಿಂದ ಹನ್ನೆರಡಕ್ಕೆ ಹೋದರೆ ಅಗಲ ಒಂದೂವರೆ ಪಟ್ಟು, ಆದರೆ ಕೊರೆಯಬೇಕಾದ ಮಣ್ಣು ಎರಡೂಕಾಲು ಪಟ್ಟು ಎಂಬುದು ನೆನಪಿರಲಿ. ಮುಂಡು, ಬೈರಾಸು, ಸೀರೆಯ ಸೆರಗು ಇವು ತಿರುಗುವ ಸುರುಳಿಯ ಹತ್ತಿರ ಸುಳಿಯಬಾರದು. ಟ್ರಾಕ್ಟರಿನ ಹಿಂದೆ ಕಟ್ಟುವ ದೊಡ್ಡ ಬೈರಿಗೆಯಾದರಂತೂ ನಾಲ್ಕು ಮಾರು ದೂರ ನಿಲ್ಲಬೇಕು. ಅದರ ತಿರುಗುವ ದಂಡ ಬಟ್ಟೆ ಹಿಡಿದರೆ ಬಿಡುವುದಿಲ್ಲ.

ನೆಲದ ಗುಣ ನೋಡದೆ ಯಂತ್ರ ಆರಿಸುವುದು ಪಾದ ನೋಡದೆ ಚಪ್ಪಲಿ ಕೊಂಡಂತೆ. ಕಂಬಂ ಕಣಿವೆಯ ಕೆಂಪು ಮರಳುಮಿಶ್ರ ಮಣ್ಣಿನಲ್ಲಿ ಸಲೀಸಾಗಿ ಇಳಿದ ಬೈರಿಗೆ, ಅದೇ ಸೀಮೆಯ ಕಲ್ಲುನೆಲದಲ್ಲಿ ಕುಣಿಯುತ್ತದೆ. ನಮ್ಮಲ್ಲಿರುವುದು ಮುರಕಲ್ಲು. ಬುಕಾನನ್ ಎಂಬವನು ಅಂಗಾಡಿಪುರದಲ್ಲಿ ಕಂಡು, 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇದಕ್ಕೇ. ಒಳಗಿರುವಾಗ ಕೊಡಲಿಗೆ ಬಗ್ಗುತ್ತದೆ. ಗಾಳಿ ಬಿಸಿಲು ತಾಗಿದರೆ ಕಲ್ಲಾಗುತ್ತದೆ. ಮೇಲ್ಪದರ ಗಟ್ಟಿಯಾದ ಗುಡ್ಡೆಯಲ್ಲಿ ಬ್ಯಾಟರಿಯ ಬೈರಿಗೆ ಬರಿದೇ ಹೊಗೆಯಾಡುತ್ತದೆ. ತುಲಾ ಮಳೆ ಕಳೆದು ನೆಲ ಇನ್ನೂ ತೇವ ಹಿಡಿದಿರುವ ವಾರಗಳು ನಮ್ಮಲ್ಲಿ ಕೊರೆಯಲು ಒಳ್ಳೆಯ ಕಾಲ. ಮಾರ್ಚಿನಲ್ಲಿ ಕೊರೆಯುವುದಾದರೆ ಹಿಂದಿನ ದಿನ ಗುರುತಿನಲ್ಲಿ ಒಂದು ಕೊಡ ನೀರು ಹೊಯ್ದಿಡಿ. ಕೊಳ್ಳುವ ಮೊದಲು ನಿಮ್ಮ ತೋಟದಲ್ಲೇ, ನಿಮ್ಮ ಮಣ್ಣಿನಲ್ಲೇ ಕೊರೆದು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಅಂಗಡಿಯವನ ಅಂಗಳದ ಮರಳಿನಲ್ಲಿ ಯಾವ ಬೈರಿಗೆಯೂ ಶೂರನೇ.

ಹೊರದೇಶದಲ್ಲಿರುವ ಮಕ್ಕಳು ರಜೆಗೆ ಬರುವಾಗ ತರಲು ಹೊರಟರೆ ಎರಡು ವಿಷಯ ತಿಳಿಸಿಡಿ. ಅಮೆರಿಕ, ಕೆನಡಾಗಳಲ್ಲಿ ಮನೆಯ ವಿದ್ಯುತ್ತು 120 ವೋಲ್ಟ್. ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿಲ್ಲವಾದರೆ ಇಲ್ಲಿ ಚುಚ್ಚಿದ ಕ್ಷಣವೇ ಅದರ ಆಯುಸ್ಸು ಮುಗಿಯಿತು. ಇನ್ನು ವಿಮಾನದ ನಿಯಮ: ಲಿಥಿಯಂ ಬ್ಯಾಟರಿ 100 ವಾಟ್ ಗಂಟೆಯ ತನಕ ಸರಿ, 100ರಿಂದ 160ರ ತನಕ ಕಂಪನಿಯ ಒಪ್ಪಿಗೆ ಬೇಕು, 160 ಮೀರಿದರೆ ಪ್ರಯಾಣಿಕರ ವಿಮಾನದಲ್ಲಿ ತರುವಂತೆಯೇ ಇಲ್ಲ. ಬಿಡಿ ಬ್ಯಾಟರಿ ಕೈಚೀಲದಲ್ಲಿರಬೇಕು, ದೊಡ್ಡ ಪೆಟ್ಟಿಗೆಯಲ್ಲಲ್ಲ. ಬೈರಿಗೆ ಬಂದು ಬ್ಯಾಟರಿ ಅಲ್ಲಿಯೇ ಉಳಿದರೆ ಅದು ಅಟ್ಟದ ಮೇಲಿನ ಅಲಂಕಾರವಷ್ಟೆ.

ಎಲ್ಲರೂ ಕೊಳ್ಳಲೇಬೇಕೆಂದಿಲ್ಲ. ವರ್ಷಕ್ಕೆ ಎರಡು ದಿನದ ಕೆಲಸಕ್ಕೆ ಹನ್ನೆರಡು ತಿಂಗಳು ಯಂತ್ರ ಕಟ್ಟಿಹಾಕಿ ಸಾಕುವುದು ಜಾಣತನವಲ್ಲವೆಂದು ನಮ್ಮ ಅಭಿಪ್ರಾಯ. ತಮಿಳುನಾಡಿನಲ್ಲಿ ಕೃಷಿ ಇಂಜಿನಿಯರಿಂಗ್ ಇಲಾಖೆಯೇ ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಪದ್ಧತಿಯಿದೆ. ಕೇರಳದಲ್ಲಿ ಕಾರ್ಷಿಕ ಕರ್ಮ ಸೇನೆಗಳಿವೆ. 2014–15ರಿಂದ ನಡೆಯುತ್ತಿರುವ ಕೇಂದ್ರದ ಯಾಂತ್ರೀಕರಣ ಯೋಜನೆಯಲ್ಲಿ ಬಾಡಿಗೆ ಕೇಂದ್ರಗಳಿಗೂ ವೈಯಕ್ತಿಕ ಖರೀದಿಗೂ ನೆರವುಂಟು. ನಿಮ್ಮ ಕೃಷಿಭವನದಲ್ಲಿ ಈ ವರ್ಷ ಯಾವ ಯಂತ್ರಕ್ಕೆ ಎಷ್ಟು ಎಂದು ವಿಚಾರಿಸಿ, ಒಪ್ಪಿಗೆ ದೊರೆತ ಮೇಲೆಯೇ ಖರೀದಿ ಮಾಡಿರಿ. ಹತ್ತು ಮನೆಯವರು ಸೇರಿ ಒಂದು ಪೆಟ್ರೋಲ್ ಯಂತ್ರ ಇಟ್ಟುಕೊಂಡರೂ ಆಗುತ್ತದೆ. ಆದರೆ ಎಣ್ಣೆ ಬೆರೆಸುವವನು ಒಬ್ಬನೇ ಇರಲಿ. ಹತ್ತು ಕೈ ಬೆರೆಸಿದ ಪೆಟ್ರೋಲನ್ನು ಯಾವ ಎಂಜಿನೂ ತಾಳದು.

ಅರ್ಜಿಯ ನಮೂನೆ ಮಲಯಾಳದಲ್ಲಿದೆಯೆಂದು ಹಿಂಜರಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ನಡೆಸುವ ಅವಕಾಶ ಕೊಟ್ಟಿದೆ. ಅದನ್ನು ಬಳಸಬೇಕು. ಯಂತ್ರದ ಜೊತೆಗೆ ಬರುವ ಕೈಪಿಡಿಯಾದರೋ ಇಂಗ್ಲಿಷಿನಲ್ಲಿರುತ್ತದೆ. ಕೆಲವೊಮ್ಮೆ ಚೀನೀ ಲಿಪಿಯಲ್ಲೂ! ಕಂಬಂನ ಕನ್ನಡಿಗನಿಗೂ ನಮಗೂ ಇಲ್ಲಿ ಒಂದೇ ಪಾಡು. ಮನೆಯಲ್ಲಿ ಓದಬಲ್ಲ ಹುಡುಗನೋ ಹುಡುಗಿಯೋ ಇದ್ದರೆ ಎಣ್ಣೆಯ ಪ್ರಮಾಣ, ನಿಲ್ಲಿಸುವ ಗುಂಡಿ, ಎಚ್ಚರಿಕೆಯ ಮಾತು ಇವಿಷ್ಟನ್ನು ಕನ್ನಡದಲ್ಲಿ ಬರೆಯಿಸಿ ಯಂತ್ರದ ಮೈಗೇ ಅಂಟಿಸಿರಿ. ಯಂತ್ರ ಹಿಡಿಯುವ ಆಳು ಬೇರೆ ಭಾಷೆಯವನಾದರೆ ಅವನ ಭಾಷೆಯಲ್ಲೂ ಬೇಕು.

ಕೊರೆಯುವ ಮೊದಲು ನೆಲದಡಿಯಲ್ಲಿ ಏನಿದೆಯೆಂದು ತಿಳಿದುಕೊಳ್ಳಬೇಕು. ಪಂಪಿನ ತಂತಿ, ಹನಿ ನೀರಾವರಿಯ ಕೊಳವೆ ಯಾವ ದಾರಿಯಲ್ಲಿ ಹೋಗಿದೆಯೆಂಬುದು ಹೂಳಿಸಿದ ಅಜ್ಜನಿಗೆ ಮಾತ್ರ ಗೊತ್ತಿರುತ್ತದೆ. ಕೊರೆದ ಮೇಲೆ ಗುಂಡಿಯನ್ನು ತೆರೆದಿಡಬಾರದು. ತ್ಯಜಿಸಿದ ಕೊಳವೆಬಾವಿಗಳನ್ನು ಮುಚ್ಚುವ ಬಗ್ಗೆ ಸುಪ್ರೀಂ ಕೋರ್ಟು 2010ರಲ್ಲಿ ಸೂಚನೆ ಕೊಟ್ಟ ಬಳಿಕವೂ, 2019ರಲ್ಲಿ ತಿರುಚಿರಾಪಳ್ಳಿ ಜಿಲ್ಲೆಯಲ್ಲಿ ಎರಡು ವರ್ಷದ ಮಗುವೊಂದು ಅಂತಹ ಬಾವಿಯಲ್ಲಿ ಬಿದ್ದು ತೀರಿಹೋಯಿತು. ನಮ್ಮ ಬೈರಿಗೆಯ ಗುಂಡಿ ಎರಡು ಮೂರು ಅಡಿಯದ್ದೇ ಆದರೂ ಮಳೆನೀರು ತುಂಬಿ ಮೇಲೆ ಸೋಗೆ ಬಿದ್ದಿದ್ದರೆ ಅಂಬೆಗಾಲಿನ ಮಗುವಿಗೆ, ಕರುವಿಗೆ ಅಷ್ಟೇ ಸಾಕು. ಅಂದು ನೆಡುವಷ್ಟನ್ನು ಮಾತ್ರ ಅಂದು ಕೊರೆಯಿರಿ; ಉಳಿದರೆ ಹಲಗೆ ಮುಚ್ಚಿ ಕಲ್ಲು ಹೇರಿರಿ.

ಕೊನೆಯದಾಗಿ ಹಲ್ಲಿನ ವಿಚಾರ. ಮುರಕಲ್ಲಿನಲ್ಲಿ ಮೊದಲು ಸವೆಯುವುದು ಬೈರಿಗೆಯ ಬಾಯಿಯ ಹಲ್ಲು ಮತ್ತು ನಡುವಿನ ತಿರುಪು. ಬೋಲ್ಟಿನಿಂದ ಕೂರಿಸಿದ ಹಲ್ಲಾದರೆ ಬಿಚ್ಚಿ ಬದಲಾಯಿಸಬಹುದು. ಬೆಸುಗೆ ಹಾಕಿದ್ದಾದರೆ ಸವೆದ ಮೇಲೆ ಇಡೀ ಬೈರಿಗೆಯನ್ನೇ ಎಸೆಯಬೇಕು. ಅಂಗಡಿಯಲ್ಲಿ ಯಂತ್ರದ ಬೆಲೆ ಕೇಳುವ ಮೊದಲು ಬಿಡಿ ಹಲ್ಲಿನ ಬೆಲೆ ಕೇಳಿ. ಹಲ್ಲು ದಾಸ್ತಾನಿಲ್ಲ, ತರಿಸಿಕೊಡುತ್ತೇವೆ ಎಂದು ಅಂಗಡಿಯವನು ಹೇಳಿದರೆ ಇನ್ನೊಂದು ಅಂಗಡಿ ನೋಡಿರಿ. ಬೈರಿಗೆಯ ದಂಡದ ದಪ್ಪ 20 ಮಿಲ್ಲಿಮೀಟರೋ ಬೇರೆಯೋ, ಪಿನ್ನಿನ ತೂತು ಎಲ್ಲಿದೆ ಎಂಬುದನ್ನು ಅಳೆದು ಬರೆದಿಟ್ಟುಕೊಂಡರೆ, ಮುಂದೆ ಬೇರೆ ಕಂಪನಿಯ ಬೈರಿಗೆ ಸಿಕ್ಕಿದಾಗಲೂ ಅದು ನಿಮ್ಮ ಯಂತ್ರಕ್ಕೆ ಹೊಂದುವುದೇ ಎಂದು ಅಂಗಡಿಯಲ್ಲೇ ತಿಳಿಯಬಹುದು.